ಕೊನೆಯ ನಲವತ್ತೊಂದು ಸೆಕೆಂಡು

ನಮ್ಮ ಭಾವ ಎರಡು ಗಟ್ಟಿ ಹಲ್ಲು ಕಳೆದುಕೊಂಡದ್ದು ಸಂಗೀತದ ಸೇವೆಯಲ್ಲಿ. ಹೀಗೆಂದರೆ ಯಾರೂ ನಂಬುವುದಿಲ್ಲ. ಹಾಡುವವರಿಗೆ ಗಂಟಲು ಕೆಡುತ್ತದೆ, ಬಾರಿಸುವವರಿಗೆ ಬೆರಳು ಬಾತುಕೊಳ್ಳುತ್ತದೆ, ಹಲ್ಲು ಹೇಗೆ ಹೋಗುತ್ತದೆ ಸ್ವಾಮಿ ಎಂದು ಕೇಳುತ್ತಾರೆ. ಹೋಗುತ್ತದೆ. ಅದಕ್ಕೆ ಒಂದು ರೆಕಾರ್ಡು, ಒಬ್ಬ ಮಾವ ಮತ್ತು ನಲವತ್ತೊಂದು ಸೆಕೆಂಡು ಇದ್ದರೆ ಸಾಕು.

ಭಾವ ಎಂದರೆ ನಮ್ಮ ಅಕ್ಕನ ಗಂಡ. ವಿಮಾ ಕಚೇರಿಯ ತಿದ್ದುಪಡಿ ವಿಭಾಗದಲ್ಲಿ ಗುಮಾಸ್ತರು. ಹೆಣ್ಣನ್ನು ಗಂಡೆಂದು, ಅರವತ್ತನ್ನು ಹದಿನಾರೆಂದು ಬರೆದ ಪಾಲಿಸಿಗಳನ್ನು ಸರಿಪಡಿಸುವುದು ಅವರ ಕೆಲಸ. ಇಪ್ಪತ್ತು ವರ್ಷ ಇದನ್ನೇ ಮಾಡಿ, ಭೂಮಿಯ ಮೇಲೆ ಆಗುವ ತಪ್ಪನ್ನೆಲ್ಲ ಆಮೇಲೆ ನಿಧಾನವಾಗಿ ತಿದ್ದಬಹುದು ಎಂಬ ನಂಬಿಕೆ ಅವರಲ್ಲಿ ಭದ್ರವಾಗಿ ಕೂತಿತ್ತು. ಸಂಜೆಯಾದರೆ ಅವರೇ 'ಐದನೇ ಮಹಡಿ ರೆಕಾರ್ಡ್ಸ್' ಎಂಬ ಸ್ವತಂತ್ರ ಸಂಗೀತ ಕಂಪನಿಯ ಮಾಲೀಕರು. ನಮ್ಮ ಕಟ್ಟಡಕ್ಕೆ ಇರುವುದು ನಾಲ್ಕೇ ಮಹಡಿ, ನಾವಿರುವುದು ಎರಡನೆಯದರಲ್ಲಿ. ಕೇಳಿದರೆ, ಕಂಪನಿ ಎಂದ ಮೇಲೆ ಬೆಳೆಯಲು ಜಾಗ ಬಿಡಬೇಕಲ್ಲ ಎನ್ನುತ್ತಿದ್ದರು. ಕಂಪನಿ ಇದ್ದದ್ದು ಅವರ ಲ್ಯಾಪ್‌ಟಾಪಿನೊಳಗೆ. ಯಾರ್ಯಾರೋ ನುಡಿಸಿದ ಗಿಟಾರು, ಡ್ರಮ್ಮು ರೆಕಾರ್ಡ್ ಮಾಡಿ ಇಂಟರ್‌ನೆಟ್ಟಿಗೆ ಹಾಕುತ್ತಿದ್ದರು. ಏಳು ಆಲ್ಬಮ್ ಬಂದಿದ್ದವು. ಕೇಳಿದವರು ಒಟ್ಟು ಹನ್ನೊಂದು ಜನ, ಆ ಹನ್ನೊಂದರಲ್ಲಿ ನಾನೇ ಮೂರು ಸಲ ಎಣಿಕೆಯಾಗಿದ್ದೆ.

ಹೀಗೆ ಯಾರಿಗೂ ತೊಂದರೆಯಿಲ್ಲದೆ ನಡೆಯುತ್ತಿದ್ದ ಕಂಪನಿಗೆ ಕುತ್ತು ಬಂದದ್ದು ಮಾರ್ಕೆಟ್ ಹಿಂದಿನ ರೆಕಾರ್ಡ್ ಅಂಗಡಿಯಲ್ಲಿ. ಅಲ್ಲಿಗೆ ಒಬ್ಬಳು ಡೀಜೆ ಬರುತ್ತಿದ್ದಳು. ಕತ್ತಿಗೆ ಸದಾ ಹೆಡ್‌ಫೋನ್, ಹೆಗಲಿಗೆ ನಲವತ್ತು ರೆಕಾರ್ಡಿನ ಚೀಲ. ಭಾವ ತಮ್ಮ ಪೆನ್‌ಡ್ರೈವ್ ಅವಳ ಕೈಗಿಟ್ಟು, ಇದರಲ್ಲಿ ನಾಲ್ಕು ಸಾವಿರ ಹಾಡಿದೆ, ಬೇಕಾದ್ದು ಹಾಕಿಕೊಳ್ಳಿ ಎಂದು ದೊಡ್ಡ ಮನಸ್ಸು ಮಾಡಿದರು. ಅವಳು ಅದನ್ನು ಒಂದು ಕ್ಷಣ ಅಂಗೈಯಲ್ಲಿ ತೂಗಿ ವಾಪಸ್ ಕೊಟ್ಟಳು.

"ಸರ್, ನಾಲ್ಕು ಸಾವಿರ ಇಟ್ಕೊಂಡವರು ಒಂದನ್ನೂ ಪೂರ್ತಿ ಕೇಳಿರಲ್ಲ. ಬೇಡ ಅಂದ್ರೆ ಅಳಿಸ್ತೀರಿ, ಬೇಕು ಅಂದ್ರೆ ಹಾಕ್ತೀರಿ. ಈ ವಿನೈಲ್ ತಟ್ಟೇಲಿ ಹಾಗಲ್ಲ. ಒಂದು ಸಲ ಕೆತ್ತಿದ್ರೆ ಮುಗೀತು. ರೆಕಾರ್ಡು ಅಚ್ಚು ಹಾಕಿಸದೇ ಇರೋದು ಕಂಪನಿ ಅಲ್ಲ ಸರ್, ಫೋಲ್ಡರ್."

ಅಂಗಡಿಯವನು ನಕ್ಕ. ಭಾವ ಏನು ಬೇಕಾದರೂ ಸಹಿಸುತ್ತಾರೆ, ತಮಗೆ ಗೊತ್ತಿಲ್ಲದ ವಿಷಯ ಒಂದಿದೆ ಎಂದು ಬೇರೆಯವರಿಗೆ ಗೊತ್ತಾಗುವುದನ್ನು ಮಾತ್ರ ಸಹಿಸುವುದಿಲ್ಲ. ತಕ್ಷಣ, ನಮ್ಮದು ವಿನೈಲ್ ಬರ್ತಾ ಇದೆಯಲ್ಲ, ನಿಮಗೆ ಗೊತ್ತಿಲ್ಲವೇ ಎಂದುಬಿಟ್ಟರು. ಯಾರದು ಎಂದಳು. ಭಾವನ ತಲೆಯೊಳಗೆ ಆ ಹೊತ್ತಿಗೆ ಯಾವ ಹೆಸರೂ ಇರಲಿಲ್ಲ. ಭಯ ಬಿದ್ದಾಗ ಮನುಷ್ಯನಿಗೆ ನೆನಪಾಗುವುದು ಅವನು ದಿನಾ ಯಾರಿಗೆ ಹೆದರುತ್ತಾನೋ ಅವರೇ ಇರಬೇಕು. "ನಮ್ಮ ಮಾವನ ಮೌತ್ ಆರ್ಗನ್" ಎಂದರು. ಡೀಜೆಯ ಕಣ್ಣು ಅಗಲವಾಯಿತು. ಇಂಥದ್ದು ಯಾರ ಹತ್ರಾನೂ ಇಲ್ಲ ಸರ್, ಮೊದಲ ಪ್ರತಿ ನನಗೇ ಎಂದು ಕೈ ಕುಲುಕಿದಳು.

ಮಾವ ಎಂದರೆ ನಮ್ಮ ಅಪ್ಪ. ಅಳತೆ ಮತ್ತು ತೂಕ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿ ನಿವೃತ್ತರು. ಮನೆ ಅವರದು, ನಾವೆಲ್ಲ ಅದರಲ್ಲಿ ಇರುವವರು. ಅವರು ಸಕ್ಕರೆ ಡಬ್ಬಿಯ ಕಡೆ ನೋಡಿದರೆ ಸಕ್ಕರೆ ತಾನಾಗಿ ಸಮತಟ್ಟಾಗುತ್ತದೆ ಎಂದು ಅಕ್ಕ ಹೇಳುತ್ತಿದ್ದಳು. ಭಾವನನ್ನು ಅವರು ಹನ್ನೊಂದು ವರ್ಷದಿಂದ 'ಅಳಿಯಂದ್ರೆ, ನೀವು' ಎಂದೇ ಮಾತಾಡಿಸುತ್ತಿದ್ದರು, ಆ ಮರ್ಯಾದೆ ಕೇಳಿದರೆ ಬೆನ್ನು ತಣ್ಣಗಾಗುತ್ತಿತ್ತು. ಭಾವ ಅವರಿಗೆ ಆಡುತ್ತಿದ್ದ ಮಾತು ಎರಡೇ. ಒಂದು, 'ಹೌದು ಮಾವ'. ಇನ್ನೊಂದು, ಸಂಜೆ ಅಪ್ಪ ಮೌತ್ ಆರ್ಗನ್ ನುಡಿಸಿ ಮುಗಿಸಿದಾಗ, 'ಅದ್ಭುತ ಮಾವ'.

ಅಪ್ಪನ ಎದುರು ಧೈರ್ಯವಾಗಿ ಮಾತಾಡುತ್ತಿದ್ದವಳು ಅಮ್ಮ ಒಬ್ಬಳೇ. ಸಂಜೆ ಕಿಟಕಿ ಹತ್ತಿರ ಬಟಾಣಿ ಸುಲಿಯುತ್ತ ಕೂತು, ಅಪ್ಪ ನುಡಿಸುವಾಗ ಆಗಾಗ ಬಳೆಯ ಕೈಯಿಂದ ಮೇಜಿಗೆ ಟಕ್ ಎಂದು ಕುಟ್ಟುತ್ತಿದ್ದಳು. ಅವಳು ತೀರಿಕೊಂಡು ಆರು ವರ್ಷ. ಆಮೇಲೆ ನಮ್ಮ ಮನೆಯಲ್ಲಿ ಯಾರೂ ಏನನ್ನೂ ಕುಟ್ಟಲಿಲ್ಲ.

ಹೆದರಿಕೆಗೆ ಇನ್ನೂ ಒಂದು ಕಾರಣವಿತ್ತು. ಒಂಬತ್ತು ವರ್ಷದ ಹಿಂದೆ ಅಪ್ಪನ ನಿವೃತ್ತಿ ಸಮಾರಂಭದಲ್ಲಿ ಅವರು ಮೌತ್ ಆರ್ಗನ್ ನುಡಿಸಿದ ಮೇಲೆ, ನಮ್ಮ ಚಿಕ್ಕಪ್ಪ ಹತ್ತಿರ ಹೋಗಿ ಕಿವಿಯಲ್ಲಿ ಏನೋ ಅಂದರು. ಅವತ್ತಿನಿಂದ ಅಪ್ಪ ಸ್ವಂತ ತಮ್ಮನ ಜೊತೆ ಮಾತು ಬಿಟ್ಟರು. ಏನಂದರು ಎಂದು ಕೇಳುವ ಗುಂಡಿಗೆ ನಮಗಾರಿಗೂ ಇರಲಿಲ್ಲ. ತಾಳ ತಪ್ಪಿತು ಅಂದಿರಬೇಕು ಎಂದು ನಾವೇ ತೀರ್ಮಾನ ಮಾಡಿಕೊಂಡಿದ್ದೆವು. ಏಕೆಂದರೆ ತಾಳ ತಪ್ಪುತ್ತಿದ್ದುದು ನಿಜ.

ಧ್ವನಿಮುದ್ರಣಕ್ಕೆ ಅಪ್ಪ ಒಪ್ಪಿದರು, ಆದರೆ ಲಿಖಿತ ಷರತ್ತಿನ ಮೇಲೆ. 'ಸದರಿ ಧ್ವನಿಮುದ್ರಣದಿಂದ ಒಂದು ಸೆಕೆಂಡನ್ನೂ ತೆಗೆಯತಕ್ಕದ್ದಲ್ಲ, ಸೇರಿಸತಕ್ಕದ್ದಲ್ಲ' ಎಂದು ಬರೆದು ಸಹಿ ಹಾಕಿದರು. ಕಂಪ್ಯೂಟರಿನಲ್ಲಿ ಕತ್ತರಿಸಿ ಅಂಟಿಸುವುದು ಅವರ ಪ್ರಕಾರ ಕಲಬೆರಕೆ. ಒಂದು ಭಾನುವಾರ ಮಧ್ಯಾಹ್ನ ಹಾಲಿನ ಕಿಟಕಿಗೆಲ್ಲ ಕಂಬಳಿ ಹೊದಿಸಿ, ಫ್ಯಾನ್ ನಿಲ್ಲಿಸಿ, ಬೆವರುತ್ತ ರೆಕಾರ್ಡಿನ ಎರಡು ಬದಿಗೂ ಆಗುವಷ್ಟು ಧ್ವನಿ ಹಿಡಿದೆವು. ಮುಗಿದ ಕೂಡಲೇ ಅಪ್ಪ ಎದ್ದು ಮೌತ್ ಆರ್ಗನ್ ಒರೆಸಿಡಲು ಒಳಗೆ ಹೋದರು. ಭಾವ ಕುರ್ಚಿಗೆ ಒರಗಿ ನನ್ನ ಜೊತೆ ಎರಡು ಮಾತಾಡಿದರು. ಇದು ನಡೆದದ್ದೇ ನಮಗೆ ಮರೆತುಹೋಯಿತು. ಫೈಲನ್ನೂ ಷರತ್ತಿನ ಕಾಗದವನ್ನೂ ಭಾವ ಒಟ್ಟಿಗೇ ಕಾರ್ಖಾನೆಗೆ ಕಳಿಸಿದರು. ಹಾಡು ಮುಗಿದ ಮೇಲೆ ಉಳಿಯುವ ಬಾಲ ಕತ್ತರಿಸುವ ಅಭ್ಯಾಸವಿದ್ದ ಅಲ್ಲಿಯ ಜನ, ಅಪ್ಪನ ಸಹಿ ನೋಡಿ ಕತ್ತರಿ ಕೆಳಗಿಟ್ಟರು.

ರೆಕಾರ್ಡು ಅಚ್ಚಾಗುವ ಮುಂಚೆ ಕಾರ್ಖಾನೆಯಿಂದ ಐದು ಮಾದರಿ ಪ್ರತಿ ಬರುತ್ತವೆ. ಕಂಪನಿಯವರು ಅದನ್ನು ಕೂತು ಕೇಳಿ, ಸರಿಯಿದ್ದರೆ ಸರಿ ಎಂದು ಬರೆದು ತಿಳಿಸಬೇಕು. ಪಾರ್ಸೆಲ್ ಬಂದಾಗ ಭಾವ ಕಚೇರಿಯಲ್ಲಿದ್ದರು, ಅಪ್ಪನೇ ಸಹಿ ಹಾಕಿ ತೆಗೆದಿಟ್ಟಿದ್ದರು. ಸಂಜೆ ಭಾವ ಅದನ್ನು ಬಿಚ್ಚಿದರು. ಡಬ್ಬದ ಮೇಲಿನ ಟೇಪು ತುಂಬಾ ನೇರವಾಗಿ ಅಂಟಿತ್ತು ಎಂದು ನನಗೆ ಈಗ ನೆನಪು. ಬಿಚ್ಚಿ, ಮೂಸಿ, ಬೆಳಕಿಗೆ ಹಿಡಿದು, ಕಪಾಟಿನಲ್ಲಿಟ್ಟರು. ಕೇಳಲಿಲ್ಲ. ಕೇಳಲು ಅವರ ಹತ್ತಿರ ರೆಕಾರ್ಡ್ ಪ್ಲೇಯರೇ ಇರಲಿಲ್ಲ, ಮನೆಯಲ್ಲಿದ್ದ ಒಂದೇ ಒಂದು ಅಪ್ಪನದು. ಹೋದಲ್ಲೆಲ್ಲ ವಿನೈಲಿನ ಧ್ವನಿಯ ಬಿಸುಪಿನ ಬಗ್ಗೆ ಮಾತಾಡುತ್ತಿದ್ದ ಮನುಷ್ಯ ಅಪ್ಪನನ್ನು ಪ್ಲೇಯರ್ ಕೇಳುವುದಾದರೂ ಹೇಗೆ? 'ಧ್ವನಿ ಬಹಳ ಬಿಸುಪಾಗಿದೆ, ಮುಂದುವರಿಯಿರಿ' ಎಂದು ಕಾರ್ಖಾನೆಗೆ ಬರೆದರು. ಎರಡು ವಾರದ ಮೇಲೆ, 'ನಿಮ್ಮ ಪತ್ರದಲ್ಲಿ ಕೇಳಿದಂತೆ ಮತ್ತೆ ಕೆತ್ತುತ್ತಿದ್ದೇವೆ, ತಡವಾಗುತ್ತದೆ' ಎಂದು ಉತ್ತರ ಬಂತು. ಯಾವ ಪತ್ರ, ಏನು ಕೆತ್ತುವುದು, ಭಾವನಿಗೆ ತಲೆಬುಡ ತಿಳಿಯಲಿಲ್ಲ. ತಿಳಿಯಲಿಲ್ಲ ಎಂದು ಬರೆದರೆ ಹೊಸಬ ಅಂದುಕೊಂಡಾರು. 'ಪತ್ರದಲ್ಲಿರುವಂತೆಯೇ ಆಗಲಿ' ಎಂದು ಗಂಭೀರವಾಗಿ ಬರೆದರು.

ಅಂತೂ ಮುನ್ನೂರು ರೆಕಾರ್ಡು ಬಂದವು. ಕಟ್ಟಡದ ಕೆಳಗಿನ ಸಭಾಂಗಣದಲ್ಲಿ ಬಿಡುಗಡೆಯಾಯಿತು. ಅಪ್ಪ ಸಹಿ ಮಾಡಿದ ಅರವತ್ತು ಪ್ರತಿಗಳನ್ನು ನೆರೆಹೊರೆಯವರು, ನೆಂಟರು ತೆಗೆದುಕೊಂಡು ಹೋದರು, ಉಳಿದವು ನನ್ನ ಮಂಚದ ಕೆಳಗೆ ಸೇರಿದವು. ಬಂದವರು ಭಾವನ ಬೆನ್ನು ತಟ್ಟಿದರು. ಡೀಜೆ, ಈಗ ಕಂಪನಿ ಸರ್ ಎಂದಳು. ಭಾವ ಆ ದಿನ ಊಟ ಮಾಡಿದ್ದೂ ನಿಂತುಕೊಂಡೇ.

ಸೋಮವಾರ ಬೆಳಗ್ಗೆ ಬಸ್ಸಿನಲ್ಲಿ ಕಚೇರಿಗೆ ಹೋಗುತ್ತ ಅವರು ಮೊದಲ ಸಲ ಆ ಫೈಲನ್ನು ಇಯರ್‌ಫೋನಿನಲ್ಲಿ ಪೂರ್ತಿ ಕೇಳಿದರು. ಎರಡನೇ ಬದಿ, ಹದಿನೇಳು ನಿಮಿಷ ಹತ್ತೊಂಬತ್ತು ಸೆಕೆಂಡಿಗೆ ಮೌತ್ ಆರ್ಗನ್ ನಿಂತಿತು. ಕುರ್ಚಿ ಎಳೆದ ಸದ್ದು. ಆಮೇಲೆ ಅವರದೇ ಧ್ವನಿ.

"ಮಾವ ನುಡಿಸೋವಾಗ ಹೇಗೆ ಓಡ್ತಾರೆ ನೋಡಿದ್ಯೇನೋ? ಬಸ್ಸು ಬಿಟ್ಟು ಹೋಗುತ್ತೆ ಅನ್ನೋ ಹಾಗೆ. ಊರವರ ತಕ್ಕಡಿಯೆಲ್ಲ ಹಿಡಿದು ದಂಡ ಹಾಕಿದ ಮನುಷ್ಯ, ತನ್ನ ತಕ್ಕಡಿ ವಾಲಿರೋದು ಗೊತ್ತೇ ಇಲ್ಲ. ಹೇಳೋರ್ಯಾರು? ನಾನಂತೂ ಹೇಳಲ್ಲಪ್ಪ, ಅವರು ಕೆಮ್ಮಿದ್ರೇನೇ ನನಗೆ ಕಾಲು ನಡುಗುತ್ತೆ."

ಆಮೇಲೆ ಒಬ್ಬ ಮನುಷ್ಯ ಹೊಟ್ಟೆ ಹಿಡಿದುಕೊಂಡು ನಗುವುದು ಕೇಳಿಸಿತು. ಆ ಮನುಷ್ಯ ನಾನು. ಅಷ್ಟು ಕೇಳುವಾಗಲೇ ಭಾವ ಇಯರ್‌ಫೋನ್ ಕಿತ್ತು, ಮುಂದಿನ ಸ್ಟಾಪಿನಲ್ಲಿ ಇಳಿದು, ನನ್ನ ಶಾಲೆಗೆ ಓಡಿ ಬಂದರು. ಏಳನೇ ತರಗತಿಗೆ ಭಾಗಾಕಾರ ಹೇಳುತ್ತಿದ್ದ ನಾನು ಅವರ ಮುಖ ನೋಡಿ, ಅಪ್ಪನಿಗೆ ಏನೋ ಆಗಿದೆ ಅಂದುಕೊಂಡೆ. ಅಪ್ಪನಿಗೆ ಇನ್ನೂ ಏನೂ ಆಗಿಲ್ಲ, ಆಗುವುದು ನಮಗೆ ಎಂದರು.

ಇಂಟರ್‌ನೆಟ್ಟಿನಲ್ಲಿದ್ದ ಹಾಡಿನ ಬಾಲವನ್ನು ಭಾವ ಸ್ಟಾಫ್ ರೂಮಿನಲ್ಲೇ ಕೂತು ಒಂದು ಬೆರಳಲ್ಲಿ ಕತ್ತರಿಸಿದರು. ಎರಡು ನಿಮಿಷದ ಕೆಲಸ. ಡಿಜಿಟಲ್ ಎಂಬುದು ಎಷ್ಟು ಕರುಣೆಯುಳ್ಳದ್ದು ಎಂದು ಅವರ ಕಣ್ಣಲ್ಲಿ ನೀರೇ ಬಂತು. ಆದರೆ ಅರವತ್ತು ಮನೆಯಲ್ಲಿ ಕೂತಿರುವ ವಿನೈಲನ್ನು ಯಾವ ಬೆರಳು ಕತ್ತರಿಸೀತು? ಇಪ್ಪತ್ತು ವರ್ಷದ ತಿದ್ದುಪಡಿ ವಿಭಾಗ ಅವರ ಕಣ್ಣೆದುರೇ ಕುಸಿಯಿತು. ಆಮೇಲೆ ನಾವಿಬ್ಬರೂ ಕೂತು ಪಟ್ಟಿ ಮಾಡಿದೆವು. ಅರವತ್ತು ಪ್ರತಿ ಒಯ್ದವರಲ್ಲಿ ಹೆಚ್ಚಿನವರು ಅದನ್ನು ಗೋಡೆಗೆ ತೂಗುಹಾಕಿದ್ದರು, ಒಬ್ಬ ಅತ್ತೆ ಅದರ ಮೇಲೆ ಬಿಸಿ ಪಾತ್ರೆ ಇಡುತ್ತಿದ್ದರು. ಪ್ಲೇಯರ್ ಇದ್ದದ್ದು ಮೂರೇ ಕಡೆ. ಡೀಜೆಯ ಹತ್ತಿರ, ಮೂರನೇ ಮಹಡಿಯ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ, ಮತ್ತು ನಮ್ಮ ಹಾಲಿನಲ್ಲಿ, ಅಪ್ಪನ ಕುರ್ಚಿಯ ಪಕ್ಕ.

ಅಪ್ಪನದು ಗಡಿಯಾರದ ಬದುಕು. ಸಂಗೀತ ಸಂಜೆ ಆರಕ್ಕೆ, ಒಂದು ಬದಿ, ಒಂದೇ ಸಲ. ಹಿಂದಿನ ಸಂಜೆ ಮೊದಲನೇ ಬದಿ ಆಗಿತ್ತು, ಇನ್ನು ದಿನಾ ಎರಡನೇ ಬದಿ ಎಂದು ಹೇಳಿದ್ದರು. ಅಂದರೆ ದಿನಾ ಸಂಜೆ ಆರು ಗಂಟೆ ಹದಿನೇಳು ನಿಮಿಷಕ್ಕೆ ಭಾವನ ಆಯುಷ್ಯ ಮುಗಿಯಬೇಕು. ಮೊದಲ ಸಂಜೆ ಭಾವ ಮೆಟ್ಟಿಲು ಎರಡೆರಡಾಗಿ ಹಾರಿ ಬಂದು, ಕೊನೆಯ ಸ್ವರ ನಿಲ್ಲುತ್ತಿದ್ದಂತೆ ಕೈ ಚಾಚಿ ಸೂಜಿ ಎತ್ತಿದರು. ಹಾಡು ಮುಗಿದ ಮೇಲೆ ಸೂಜಿ ಬಿಟ್ಟರೆ ಸವೆಯುತ್ತದೆ ಮಾವ, ಬಲ್ಲವರೆಲ್ಲ ಎತ್ತಿಬಿಡುತ್ತಾರೆ ಎಂದರು. ಅಪ್ಪ ಅವರನ್ನು ಒಂದು ನಿಮಿಷ ನೋಡಿ, "ಹೌದಾ ಅಳಿಯಂದ್ರೆ? ಹಾಗಾದ್ರೆ ದಿನಾ ನೀವೇ ಎತ್ತಿ" ಎಂದರು.

ಎರಡನೇ ದಿನ ಅಪ್ಪ ರೆಕಾರ್ಡು ಹಾಕಿದ್ದು ಐದು ಐವತ್ತೊಂಬತ್ತಕ್ಕೆ. ಮೂರನೇ ದಿನ ಐದು ಐವತ್ತೆಂಟಕ್ಕೆ. ಹೀಗೆ ದಿನಕ್ಕೊಂದು ನಿಮಿಷ ಹಿಂದೆ ಬಂತು. ಜೀವಮಾನದಲ್ಲಿ ಒಂದು ಸೆಕೆಂಡು ಆಚೀಚೆಯಾಗದ ಮನುಷ್ಯ ಹೀಗೇಕೆ ಎಂದು ನಾವು ಯೋಚಿಸಬೇಕಾಗಿತ್ತು. ಹೆದರಿದವನಿಗೆ ಯೋಚನೆ ಎಲ್ಲಿಂದ ಬರಬೇಕು? ಭಾವ ಕಚೇರಿಯಿಂದ ಐದು ನಿಮಿಷ ಮುಂಚೆ, ಹತ್ತು ನಿಮಿಷ ಮುಂಚೆ, ಕೊನೆಗೆ ಅರ್ಧ ದಿನದ ರಜೆ ಹಾಕಿ ಬರತೊಡಗಿದರು. ಮ್ಯಾನೇಜರ್ ಕಾರಣ ಕೇಳಿದಾಗ, ಮಾವನಿಗೆ ಸೂಜಿ ಎತ್ತಬೇಕು ಎಂದು ನಿಜವನ್ನೇ ಹೇಳಿದರು. ಕಚೇರಿಯವರೆಲ್ಲ ಮಾವನಿಗೆ ಸಕ್ಕರೆ ಕಾಯಿಲೆ ಎಂದು ತಿಳಿದು, ಅಳಿಯ ಅಂದರೆ ಹೀಗಿರಬೇಕು ಎಂದು ಕೊಂಡಾಡಿದರು.

ಇತ್ತ ಹಲ್ಲಿನ ಡಾಕ್ಟರಿಗೆ ರೆಕಾರ್ಡು ಬಹಳ ಹಿಡಿಸಿತ್ತು. ಮೌತ್ ಆರ್ಗನ್ ಓಡುವ ವೇಗಕ್ಕೆ ಡ್ರಿಲ್ಲಿನ ಸದ್ದು ರೋಗಿಗಳಿಗೆ ಗೊತ್ತಾಗುವುದಿಲ್ಲವಂತೆ. ಪ್ರತಿ ಶುಕ್ರವಾರ ಬೆಳಗ್ಗೆ ಎರಡೂ ಬದಿ ಹಾಕುತ್ತಿದ್ದರು. ರೋಗಿಯಲ್ಲದವನು ಅಲ್ಲಿ ಸುಮ್ಮನೆ ಕೂರುವ ಹಾಗಿಲ್ಲ. ಭಾವ ಹಲ್ಲುನೋವು ಎಂದು ಹೋದರು. ಹೊರಗೆ ಕಾಯುವಾಗ ಎರಡನೇ ಬದಿ ಮುಗಿದರೆ ಎದ್ದು ಸೂಜಿ ಎತ್ತಬಹುದು ಎಂಬುದು ಲೆಕ್ಕ. ಆದರೆ ಅವರ ಸರದಿ ಹದಿನಾರನೇ ನಿಮಿಷಕ್ಕೇ ಬಂತು. ಬಾಯಿಗೆ ಎರಡು ಕನ್ನಡಿ, ಒಂದು ಕೊಳವೆ ತುರುಕಿದ್ದಾಗ ಕೊನೆಯ ಸ್ವರ ಹತ್ತಿರವಾಯಿತು. ಭಾವ ಕೈಕಾಲು ಬಡಿದರು, ಕಣ್ಣು ಮೇಲೆ ಮಾಡಿದರು, ಪ್ಲೇಯರ್ ಕಡೆ ಬೆರಳು ತೋರಿಸಿ ಕೂಗಿದರು. ನೋವು ಇಷ್ಟೊಂದಿದೆಯೇ ಎಂದು ಗಾಬರಿಯಾದ ಡಾಕ್ಟರು, ಮೊದಲು ಪ್ಲೇಯರ್ ನಿಲ್ಲಿಸಿ, ಆಮೇಲೆ ಹಲ್ಲು ಕಿತ್ತರು. ಮುಂದಿನ ಶುಕ್ರವಾರ ಇನ್ನೊಂದು ಹೋಯಿತು. ಎರಡನ್ನೂ ಡಾಕ್ಟರು ತಿರುಗಿಸಿ ನೋಡಿ, ಇವಕ್ಕೆ ಏನೂ ಆಗಿಲ್ಲವಲ್ಲ ಎಂದು ಚಿಂತೆಗೆ ಬಿದ್ದರು.

ಡೀಜೆಯದು ಬೇರೆಯೇ ಕಥೆ. ಭಾವ ಅವಳ ಹತ್ತಿರ ಹೋಗಿ, ಎರಡನೇ ಬದಿ ಹಾಕಿದರೆ ಹಾಡು ಮುಗಿದ ತಕ್ಷಣ ಸೂಜಿ ಎತ್ತಿಬಿಡಿ ಎಂದರು. ಏಕೆ ಎಂದಳು. ಕೊನೆಯದು ಕೇಳಬಾರದು ಎಂದರು. ಕೇಳಿದರೆ ಏನಾಗುತ್ತದೆ ಎಂದಳು. ಭಾವ ತಮ್ಮ ಗತಿಯನ್ನು ನೆನೆದು, "ಒಂದು ಸಂಸಾರ ಹಾಳಾಗುತ್ತೆ" ಎಂದರು. ಸುಳ್ಳೇನೂ ಅಲ್ಲ. ಆದರೆ ಹೇಳುವಾಗ ಅವರ ತುಟಿ ಬಿಳುಪಾಗಿದ್ದುದನ್ನು ನೋಡಿ ಡೀಜೆಗೆ ಮೈಮೇಲೆ ಮುಳ್ಳೆದ್ದಿತು.

ಶನಿವಾರ ಅವಳು ಕ್ಲಬ್ಬಿನಲ್ಲಿ ಆ ರೆಕಾರ್ಡನ್ನು ಹಾಕಿ, ಕೊನೆಯ ಸ್ವರಕ್ಕೆ ಸಂಗೀತವೆಲ್ಲ ನಿಲ್ಲಿಸಿ, ಸೂಜಿಯನ್ನು ಎಲ್ಲರಿಗೂ ಕಾಣುವ ಹಾಗೆ ಮೇಲೆತ್ತಿ, ಇದರ ಮುಂದಿನದು ಕೇಳುವ ಹಾಗಿಲ್ಲ ಎಂದಳು. ಇನ್ನೂರು ಜನ ಉಸಿರು ಬಿಗಿಹಿಡಿದು ನಿಂತರು. ಮುಂದಿನ ಶನಿವಾರ ನಾನೂರು ಜನ. ಬೇರೆ ಊರಿನ ಡೀಜೆಗಳು ಪ್ರತಿ ಕೇಳಿಕೊಂಡು ಬಂದರು. ಭಾವ ಇಲ್ಲ ಎಂದರು, ಹೆದರಿ ಬಾಗಿಲು ಹಾಕಿಕೊಂಡರು. ಇಲ್ಲ ಎಂದಷ್ಟೂ ಕೇಳುವವರು ಹೆಚ್ಚಾದರು. ಮಂಚದ ಕೆಳಗೆ ಇನ್ನೂರ ನಲವತ್ತು ಪ್ರತಿ ಇಟ್ಟುಕೊಂಡು ಒಂದನ್ನೂ ಮಾರದ ಕಂಪನಿ ಎಂದು ಐದನೇ ಮಹಡಿಯ ಕೀರ್ತಿ ಹರಡಿತು. ನೀನು ಒಂದು ಸಲ ಕೇಳಿ ನೋಡಲಿಲ್ಲವೇ ಎಂದು ನಾನು ಡೀಜೆಯನ್ನು ಕೇಳಿದೆ. ಅವಳಿಗೆ ಇಬ್ಬರು ತಂಗಿಯರಿದ್ದಾರಂತೆ, ಅಂಥ ಧೈರ್ಯಕ್ಕೆ ಕೈ ಹಾಕುವುದಿಲ್ಲವಂತೆ.

ಹೆದರಿಕೆ ಎಂಬುದು ಭಾವ ಒಬ್ಬರಲ್ಲಿ ಇದ್ದಾಗ ಸಣ್ಣದಾಗಿತ್ತು, ಕಟ್ಟಡಕ್ಕೆ ಹಬ್ಬಿದ ಮೇಲೆ ನಮ್ಮ ಕೈ ಮೀರಿತು. ಬಿಸಿ ಪಾತ್ರೆ ಇಡುತ್ತಿದ್ದ ಅತ್ತೆ ರೆಕಾರ್ಡನ್ನು ಬಟ್ಟೆಯಲ್ಲಿ ಸುತ್ತಿ ತಂದು ನಮ್ಮ ಬಾಗಿಲಲ್ಲಿಟ್ಟು, ತಿರುಗಿ ನೋಡದೆ ಹೋದರು. ನಾಲ್ಕನೇ ಮಹಡಿಯವರ ಗೀಸರ್ ಸಿಡಿದದ್ದಕ್ಕೂ ರೆಕಾರ್ಡೇ ಕಾರಣವಾಯಿತು. ಕ್ಲಿನಿಕ್ಕಿನಲ್ಲಿ ಒಬ್ಬ ರೋಗಿ ಅರ್ಧ ತುಂಬಿದ ಹಲ್ಲಿನ ಸಮೇತ ಎದ್ದು ಓಡಿದ. ಹಲ್ಲಿನ ಡಾಕ್ಟರೇ ಕಟ್ಟಡದ ಸಂಘಕ್ಕೂ ಕಾರ್ಯದರ್ಶಿ. ಅವರು ಎರಡು ಗಟ್ಟಿ ಹಲ್ಲುಗಳನ್ನು ಸಾಕ್ಷಿಗೆಂದು ಡಬ್ಬಿಯಲ್ಲಿಟ್ಟುಕೊಂಡು, ಈ ಮನುಷ್ಯನಲ್ಲಿ ಏನೋ ಇದೆ, ಇಲ್ಲವೇ ಈ ರೆಕಾರ್ಡಿನಲ್ಲಿ ಏನೋ ಇದೆ ಎಂದು ಪೊಲೀಸರಿಗೆ ಅರ್ಜಿ ಕೊಟ್ಟರು.

ಗುರುವಾರ ಸಂಜೆ ಸಬ್‌ಇನ್ಸ್‌ಪೆಕ್ಟರ್ ಬಂದರು. ದಪ್ಪ ಮೀಸೆಯ ಭಾರಿ ಆಳು. ಜೊತೆಗೆ ಡಾಕ್ಟರು, ಡಾಕ್ಟರ ಹಿಂದೆ ಕಟ್ಟಡದ ಅರ್ಧ ಜನ. ಡೀಜೆಯನ್ನೂ ಕರೆಸಿದ್ದರು. ಅಪ್ಪ ಎಲ್ಲರಿಗೂ ಕುರ್ಚಿ ಹಾಕಿಸಿದರು. ಅಕ್ಕ ಏನೂ ಗೊತ್ತಿಲ್ಲದೆ ಚಹಾ ತಂದಳು. ಭಾವ ಗೋಡೆಗೆ ಒರಗಿ ನಿಂತಿದ್ದರು, ಗೋಡೆ ಇಲ್ಲದಿದ್ದರೆ ಬೀಳುತ್ತಿದ್ದರು.

ಸಬ್‌ಇನ್ಸ್‌ಪೆಕ್ಟರ್ ವಿಚಾರಣೆ ನಡೆಸಿದರು. ರೆಕಾರ್ಡಿನ ಕೊನೆಯಲ್ಲಿ ಏನಿದೆ ಎಂದು ಭಾವನನ್ನು ಕೇಳಿದರು. ಏನೂ ಇಲ್ಲ ಸಾರ್ ಎಂದರು ಭಾವ. ಹಾಗಾದರೆ ಕೇಳಿಬಿಡೋಣ ಎಂದರು. ಬೇಡ ಸಾರ್ ಎಂದರು ಭಾವ. ಏನೂ ಇಲ್ಲದ್ದನ್ನು ಕೇಳಲು ಇಷ್ಟು ಹೆದರುವ ಮನುಷ್ಯನನ್ನು ಸಬ್‌ಇನ್ಸ್‌ಪೆಕ್ಟರ್ ತಮ್ಮ ಸರ್ವಿಸಿನಲ್ಲಿ ನೋಡಿರಲಿಲ್ಲ. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು, ಪೇದೆಯನ್ನು ಬಾಗಿಲಾಚೆ ನಿಲ್ಲಿಸಿ, ಒಳಗೆ ಏನಾದರೂ ಆದರೆ ಸ್ಟೇಷನ್ನಿಗೆ ಫೋನ್ ಮಾಡು ಎಂದು ತಗ್ಗಿದ ದನಿಯಲ್ಲಿ ಹೇಳಿದರು.

ಅಪ್ಪ ರೆಕಾರ್ಡನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ, ಎರಡನೇ ಬದಿ ಮೇಲೆ ಮಾಡಿ, ಸೂಜಿ ಇಟ್ಟರು.

ಹದಿನೇಳು ನಿಮಿಷ. ಆ ಹದಿನೇಳು ನಿಮಿಷವನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಮೌತ್ ಆರ್ಗನ್ ಓಡುತ್ತಿತ್ತು, ಅದರ ಹಿಂದೆ ನನ್ನ ಎದೆ ಓಡುತ್ತಿತ್ತು. ಅಪ್ಪ ಮಾತು ಬಿಟ್ಟರೆ ಏನಾಗುತ್ತದೆ ಎಂದು ನಮಗೆ ಗೊತ್ತಿತ್ತು. ಚಿಕ್ಕಪ್ಪ ಒಂಬತ್ತು ವರ್ಷದಿಂದ ರಸ್ತೆಯ ಆಚೆ ಬದಿಯಲ್ಲಿ ನಡೆಯುತ್ತಿದ್ದಾರೆ. ಭಾವನಿಗೆ ಆಚೆ ಬದಿಯೂ ಇಲ್ಲ, ಇದೇ ಮನೆಯಲ್ಲಿ ಎದುರಾಬದುರು ಕೂತು, ಮಾತಿಲ್ಲದೆ ಊಟ ಮಾಡಬೇಕು. ಅಕ್ಕ ಇಬ್ಬರ ನಡುವೆ ಬಡಿಸಬೇಕು. ಡಾಕ್ಟರು ಡಬ್ಬಿ ಎದೆಗೆ ಅವುಚಿಕೊಂಡಿದ್ದರು. ಡೀಜೆ ಹೆಡ್‌ಫೋನ್ ಎತ್ತಿ ಕಿವಿ ಮುಚ್ಚಿಕೊಂಡಿದ್ದಳು. ಕೊನೆಯ ಸ್ವರ ಬಂತು, ಉದ್ದವಾಯಿತು, ನಿಂತಿತು. ಭಾವನ ಕೈ ತಾನಾಗಿ ಮುಂದೆ ಚಾಚಿತು.

"ಕೈ ತೆಗೀರಿ ಅಳಿಯಂದ್ರೆ" ಎಂದರು ಅಪ್ಪ.

ಕುರ್ಚಿ ಎಳೆದ ಸದ್ದು ಕೇಳಿಸಿತು. ಆಮೇಲೆ ಭಾವನ ಧ್ವನಿ ಹಾಲಿನ ತುಂಬ ಮೊಳಗಿತು. ಫೈಲಿನಲ್ಲಿ ಪಿಸುಮಾತಿನ ಹಾಗಿದ್ದದ್ದು ಇಲ್ಲಿ ಸಭೆಯಲ್ಲಿ ಭಾಷಣ ಮಾಡಿದಷ್ಟು ಜೋರಾಗಿತ್ತು. ಬಸ್ಸು ಬಂತು, ತಕ್ಕಡಿ ಬಂತು, ತಕ್ಕಡಿ ವಾಲಿತು, ಕೆಮ್ಮು ಬಂತು, ನಡುಗುವ ಕಾಲು ಬಂತು. ನನ್ನ ನಗು ಬಂತು, ಅದು ಮುಗಿಯುವಂತೆಯೇ ಕಾಣಲಿಲ್ಲ. ಆಮೇಲೆ ಹೆಜ್ಜೆ ಸದ್ದು, 'ಬಂದ್ರು ಬಂದ್ರು' ಎಂಬ ಗಾಬರಿ, ಮತ್ತೆ ಅದೇ ಧ್ವನಿ, ಜೇನು ಸುರಿಸಿಕೊಂಡು: 'ಅದ್ಭುತ ಮಾವ, ಅದ್ಭುತ.' ಅಲ್ಲಿಗೆ ಮುಗಿದು ಸೂಜಿ ಟಿಕ್ ಟಿಕ್ ಎಂದು ಸುತ್ತತೊಡಗಿತು.

ಅಕ್ಕ ಚಹಾದ ತಟ್ಟೆಯನ್ನು ಎದೆಗೆ ಒತ್ತಿ ಹಿಡಿದಿದ್ದಳು. ಸಬ್‌ಇನ್ಸ್‌ಪೆಕ್ಟರ್ ಟೋಪಿ ಹಾಕಿಕೊಂಡು, ಇಷ್ಟೇನಾ ಎಂದರು. ಅವರಿಗೆ ಇಷ್ಟೇ. ಭಾವ ನೆಲ ನೋಡುತ್ತಿದ್ದರು, ಅವರ ಕಾಲು ರೆಕಾರ್ಡಿನಲ್ಲಿ ಹೇಳಿದ್ದಂತೆಯೇ ನಡುಗುತ್ತಿತ್ತು.

ಅಪ್ಪ ಸೂಜಿ ಎತ್ತಿ ಸ್ಟ್ಯಾಂಡಿಗೆ ಸಿಕ್ಕಿಸಿದರು. ರೆಕಾರ್ಡನ್ನು ಸಬ್‌ಇನ್ಸ್‌ಪೆಕ್ಟರ್ ಕೈಗೆ ಕೊಟ್ಟು, ನಡುವಿನ ಚೀಟಿಯ ಸುತ್ತ ಗೆರೆಯಿಲ್ಲದ ನುಣ್ಣನೆ ಜಾಗವಿದೆಯಲ್ಲ, ಅಲ್ಲಿ ಕೆತ್ತಿರುವುದನ್ನು ದೀಪಕ್ಕೆ ಹಿಡಿದು ಓದಿ ಎಂದರು. ಸಬ್‌ಇನ್ಸ್‌ಪೆಕ್ಟರ್ ಕನ್ನಡಕ ಹಾಕಿಕೊಂಡು, ಕಡ್ಡಿಯಿಂದ ಗೀಚಿದಂತಿದ್ದ ಅಕ್ಷರಗಳನ್ನು ಒಂದೊಂದಾಗಿ ಓದಿದರು. 'ಪರೀಕ್ಷಿಸಿದೆ. ಅಳತೆ ಸರಿ ಇದೆ.' ಕೆಳಗೆ ಅಪ್ಪನ ಇನಿಷಿಯಲ್. ನಾನು ಮಂಚದ ಕೆಳಗಿಂದ ಇನ್ನೊಂದು ಎಳೆದು ನೋಡಿದೆ, ಅದರಲ್ಲೂ ಇತ್ತು. ಮುನ್ನೂರರಲ್ಲೂ ಇತ್ತು.

ಅಪ್ಪ ಕಪಾಟಿನಿಂದ ಫೈಲು ತೆಗೆದರು. ಅವರು ಬರೆದ ಕಾಗದಕ್ಕೆಲ್ಲ ನಕಲು ಇಟ್ಟುಕೊಳ್ಳುವವರು. ಕಾರ್ಖಾನೆಗೆ ಬರೆದ ಪತ್ರವನ್ನು ಸಬ್‌ಇನ್ಸ್‌ಪೆಕ್ಟರ್ ಎಲ್ಲರಿಗೂ ಕೇಳುವ ಹಾಗೆ ಓದಿದರು. 'ಮಾದರಿ ಪ್ರತಿಗಳನ್ನು ಪರಿಶೀಲಿಸಲಾಗಿ, ಎರಡನೇ ಬದಿಯ ಕೊನೆಯ ನಲವತ್ತೊಂದು ಸೆಕೆಂಡು ಅಸ್ಪಷ್ಟವಾಗಿರುವುದು ಕಂಡುಬಂದಿದೆ. ಸದರಿ ಭಾಗವು ಸ್ಪಷ್ಟವಾಗಿ ಕೇಳುವಂತೆ ಹೊಸದಾಗಿ ಕೆತ್ತತಕ್ಕದ್ದು. ಕೊನೆಯಲ್ಲಿ ಈ ಕೆಳಕಂಡ ಒಕ್ಕಣೆಯನ್ನು ಹಾಕತಕ್ಕದ್ದು.'

ಪಾರ್ಸೆಲ್ಲಿನ ಟೇಪು ಅಷ್ಟು ನೇರವಾಗಿ ಅಂಟಿದ್ದು ಏಕೆಂದು ನನಗೆ ಆಗ ಹೊಳೆಯಿತು. ಅಪ್ಪ ಐದು ಪ್ರತಿಯನ್ನೂ ಅದೇ ದಿನ ಕೂತು ಕೇಳಿದ್ದರು. ಅಂದರೆ ಇಷ್ಟು ದಿನವೂ, ಒಂದೊಂದು ನಿಮಿಷ ಹಿಂದೆ ಸರಿಸುತ್ತ, ಮೆಟ್ಟಿಲ ಮೇಲೆ ಓಡಿಬರುವ ಹೆಜ್ಜೆಯನ್ನು ಕುರ್ಚಿಯಲ್ಲಿ ಕೂತು ಎಣಿಸುತ್ತಿದ್ದರು.

"ಬೆನ್ನ ಹಿಂದೆ ಆಡಿದ್ದು ತಪ್ಪು" ಎಂದರು ಅಪ್ಪ. "ಅದಕ್ಕೆ ಓಡಾಡ್ಸಿದೀನಿ. ಹಲ್ಲು ನನ್ನ ಲೆಕ್ಕದಲ್ಲಿ ಇರ್ಲಿಲ್ಲ, ಅದು ನೀವೇ ಹೆಚ್ಚಿಗೆ ಕೊಟ್ಟಿದ್ದು."

ಭಾವ, ಎಲ್ಲ ರೆಕಾರ್ಡನ್ನೂ ವಾಪಸ್ ತಂದು ಒಡೆದುಹಾಕುತ್ತೇನೆ ಮಾವ, ಚಿಕ್ಕಮಾವನ ಹಾಗೆ ನನ್ನನ್ನು ಮಾಡಬೇಡಿ ಎಂದು ತೊದಲಿದರು.

ಅಪ್ಪ ಹುಬ್ಬು ಗಂಟಿಕ್ಕಿ, ಅವನ ಮಾತು ಇಲ್ಲೇಕೆ ಬಂತು ಎಂದರು. ನಾನು ಧೈರ್ಯ ಮಾಡಿ, ಚಿಕ್ಕಪ್ಪ ತಾಳ ತಪ್ಪಿತು ಅಂದದ್ದಕ್ಕೆ ತಾನೇ ಮಾತು ಬಿಟ್ಟದ್ದು ಎಂದೆ. ಅಪ್ಪ ನಮ್ಮನ್ನೆಲ್ಲ ಒಂದು ಸುತ್ತು ನೋಡಿದರು.

"ಅವನು 'ಅಣ್ಣ, ಒಂದೂ ತಪ್ಪಿಲ್ಲ' ಅಂದ. ಮೂವತ್ತು ತಪ್ಪಿತ್ತು ಅವತ್ತು. ನಿಮ್ಮಮ್ಮ ಇದ್ದಾಗ ಮೇಜು ಕುಟ್ಟಿ ಹೇಳೋಳು, ಓಡ್ತಿದೀರಿ ಅಂತ. ಅವಳು ಹೋದ್ಮೇಲೆ ಈ ಮನೇಲಿ ಎಲ್ರೂ ಅದ್ಭುತ, ಅದ್ಭುತ." ಅವರು ರೆಕಾರ್ಡನ್ನು ಸಬ್‌ಇನ್ಸ್‌ಪೆಕ್ಟರ್ ಕೈಯಿಂದ ವಾಪಸ್ ತೆಗೆದುಕೊಂಡರು. "ಆರು ವರ್ಷದಲ್ಲಿ ನನಗೆ ಸಿಕ್ಕ ನಿಜ ಅಂದ್ರೆ ಈ ನಲವತ್ತೊಂದು ಸೆಕೆಂಡು. ಒಡೆದುಹಾಕ್ತೀಯೇನೋ ಅದನ್ನ?"

ಹನ್ನೊಂದು ವರ್ಷದಲ್ಲಿ ಅಪ್ಪ ಭಾವನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಅಕ್ಕ ಅಳುತ್ತ ಒಳಗೆ ಹೋದಳು. ಭಾವನಿಗೆ ಮಾತ್ರ ಅದು ಇನ್ನೂ ದೊಡ್ಡ ಗಂಡಾಂತರದ ಸೂಚನೆಯಂತೆ ಕಂಡು, ಗೋಡೆಗೆ ಇನ್ನಷ್ಟು ಅಂಟಿಕೊಂಡರು.

ಸಬ್‌ಇನ್ಸ್‌ಪೆಕ್ಟರ್ ಅರ್ಜಿಗೆ ಏನು ಬರೆಯಲಿ ಎಂದು ಅಪ್ಪನನ್ನೇ ಕೇಳಿದರು. 'ಕೇಳಿ ನೋಡಲಾಗಿ ಪ್ರಾಣಾಪಾಯವಿಲ್ಲ' ಎಂದು ಅಪ್ಪ ಹೇಳಿಕೊಟ್ಟರು. ಡಾಕ್ಟರು ಹಲ್ಲಿನ ಡಬ್ಬಿಯನ್ನು ಮೇಜಿನ ಮೇಲಿಟ್ಟು ಕೈ ಮುಗಿದರು. ಡೀಜೆ ಹೆಡ್‌ಫೋನ್ ಇಳಿಸಿ, ಏನಾಯಿತು, ಏನಿತ್ತು ಎಂದು ಎಲ್ಲರನ್ನೂ ಕೇಳಿದಳು. ಯಾರೂ ಹೇಳಲಿಲ್ಲ. ಶನಿವಾರದ ಆಟ ಹಾಗೇ ಉಳಿಯುವುದರಿಂದ ಅವಳಿಗೂ ಒಳ್ಳೆಯದೇ ಆಯಿತು.

ಎಲ್ಲರೂ ಹೋದ ಮೇಲೆ ಭಾವ ಮೆಲ್ಲಗೆ ಒಳಕೋಣೆಯ ಕಡೆ ಜಾರುತ್ತಿದ್ದರು. ಅಪ್ಪ ಕರೆದರು. ಇಂಟರ್‌ನೆಟ್ಟಿನಲ್ಲಿ ಇರುವುದು ಹದಿನೇಳು ನಿಮಿಷ ಹತ್ತೊಂಬತ್ತು ಸೆಕೆಂಡು ಮಾತ್ರ, ನಲವತ್ತೊಂದು ಸೆಕೆಂಡು ಕಡಿಮೆ ಅಳತೆ ಕೊಡುತ್ತಿದ್ದೀಯ, ಇದಕ್ಕೆ ನನ್ನ ಕಾಲದಲ್ಲಿ ಅಂಗಡಿ ಮುಚ್ಚಿಸುತ್ತಿದ್ದೆ ಎಂದರು. ಭಾವ ಅದೇ ಒಂದು ಬೆರಳಿನಿಂದ ಬಾಲವನ್ನು ಮತ್ತೆ ಅಂಟಿಸಿದರು. ಆಮೇಲೆ ಅಪ್ಪ ರೆಕಾರ್ಡನ್ನು ಮಗುಚಿ ಮೊದಲನೇ ಬದಿ ಹಾಕಿ, ಅಮ್ಮ ಕೂರುತ್ತಿದ್ದ ಕಿಟಕಿಯ ಕುರ್ಚಿಯನ್ನು ಭಾವನಿಗೆ ತೋರಿಸಿದರು.

ಭಾವ ಕುರ್ಚಿಯ ತುದಿಯಲ್ಲಿ ಕೂತರು. ಮೌತ್ ಆರ್ಗನ್ ಶುರುವಾಯಿತು. ಒಂದು ನಿಮಿಷವಾಯಿತು, ಎರಡಾಯಿತು. ಅವರ ಹಣೆಯಲ್ಲಿ ಬೆವರು ಸಾಲುಗಟ್ಟಿತು. ಮೂರನೇ ನಿಮಿಷದಲ್ಲಿ, ದಿನಾ ಸೂಜಿ ಎತ್ತುತ್ತಿದ್ದ ಆ ಕೈ ನಿಧಾನವಾಗಿ ಮೇಲೆದ್ದು, ಮೇಜಿಗೆ ಟಕ್ ಎಂದು ಕುಟ್ಟಿತು.

"ಇಲ್ಲಿ ಮಾವ" ಎಂದರು, ಕಣ್ಣು ಮುಚ್ಚಿಕೊಂಡು. "ಚೂರು ಮುಂದೆ ಓಡಿದೀರಿ."

ಅಪ್ಪ ಸೂಜಿ ಎತ್ತಿದರು.

"ಚೂರು ಅಂದ್ರೆ ಎಷ್ಟು?"

"ಅರ್ಧ ಸೆಕೆಂಡು ಮಾವ."

ಅಪ್ಪ ನನ್ನ ಕಡೆ ತಿರುಗಿ, "ಬರ್ಕೋ" ಎಂದರು.